ಎಂಬಿಬಿಎಸ್ ಮೊದಲ ವರ್ಷದ ಒತ್ತಡ: ಎಲ್ಲಿಂದ ಶುರು ಮಾಡಬೇಕು, ಯಾರ ಹತ್ತಿರ ಹೋಗಬೇಕು

ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ಕಡೆಯ ಓದುಗರು ಮೂರು ಪ್ರಶ್ನೆಗಳನ್ನು ಮತ್ತೆ ಮತ್ತೆ ಕೇಳುತ್ತಾರೆ. "ಪಿಯುಸಿಯಲ್ಲಿ ಕಾಲೇಜಿಗೇ ಮೊದಲಿದ್ದೆ, ಇಲ್ಲಿ ಇಂಟರ್ನಲ್ಸ್ ಪಾಸಾಗುವುದೇ ಕಷ್ಟ ಆಗಿದೆ, ಏನು ಮಾಡಲಿ?" ಇದು ವಿದ್ಯಾರ್ಥಿಗಳದು. ಇಂಟರ್ನಲ್ಸ್ ಅಂದರೆ ಕಾಲೇಜೇ ನಡೆಸುವ ಪರೀಕ್ಷೆಗಳು. "ಮಗಳು ಫೋನ್ ಮಾಡಿದಾಗಲೆಲ್ಲ ಅಳ್ತಾಳೆ, ಸೀಟು ಬಿಡಿಸಿ ಕರ್ಕೊಂಡು ಬಂದುಬಿಡ್ಲಾ?" ಇದು ಮನೆಯವರದು. "ನನ್ನ ರೂಮ್‌ಮೇಟ್ ಯಾಕೋ ಸರಿ ಇಲ್ಲ, ಯಾರಿಗೆ ಹೇಳ್ಬೇಕು?" ಇದು ಸ್ನೇಹಿತರದು. ಮೂರಕ್ಕೂ ಸೇರಿಸಿ ಇಲ್ಲಿ ಕ್ರಮವಾಗಿ ಬರೆದಿದ್ದೇನೆ. ಹೆಚ್ಚಿನದು ಮೊದಲ ವರ್ಷದವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ಆದರೆ ಮುಂದಿನ ವರ್ಷಗಳವರಿಗೂ ಇದು ಉಪಯೋಗಕ್ಕೆ ಬರುತ್ತದೆ.

ಈ ಭಾಗದಲ್ಲಿ ಈಗ ಡಾಕ್ಟರಿಕೆ ಓದುವ ಮಕ್ಕಳು ತುಂಬಾ ಜನ. 1957ರಲ್ಲಿ ಶುರುವಾದ, ಜನ ಇವತ್ತಿಗೂ ಕಿಮ್ಸ್ ಅಂತಲೇ ಕರೆಯುವ ಹುಬ್ಬಳ್ಳಿ ವಿದ್ಯಾನಗರದ ಕಾಲೇಜು ಇದೆ. ಸತ್ತೂರಿನಲ್ಲಿ ಎಸ್‌ಡಿಎಂ ಇದೆ. ಗದಗಕ್ಕೆ ಜಿಮ್ಸ್ ಬಂತು, ಆಮೇಲೆ ಹಾವೇರಿಗೂ ಕಾಲೇಜು ಬಂತು. ನರಗುಂದ, ಶಿರಹಟ್ಟಿ, ಹಿರೇಕೆರೂರು, ಕಲಘಟಗಿಯ ಹಳ್ಳಿಗಳಿಂದ, ಮನೆಯಲ್ಲಿ ಮೊದಲ ಸಲ ಕಾಲೇಜು ಮೆಟ್ಟಿಲು ಹತ್ತಿದ ಮಕ್ಕಳು ಈ ಹಾಸ್ಟೆಲುಗಳಿಗೆ ಬರುತ್ತಿದ್ದಾರೆ. ಇದು ದೊಡ್ಡ ಸಂತೋಷದ ವಿಷಯ. ಅವರ ಮೇಲಿನ ಭಾರವೂ ಅಷ್ಟೇ ದೊಡ್ಡದು.

ಕಷ್ಟಪಡುತ್ತಿರುವುದು ನೀವೊಬ್ಬರೇ ಅಂತ ಅಂದುಕೊಳ್ಳಬೇಡಿ. ದೇಶದ ವೈದ್ಯಕೀಯ ಶಿಕ್ಷಣವನ್ನು ನೋಡಿಕೊಳ್ಳುವ ಎನ್‌ಎಂಸಿ, ಅಂದರೆ ರಾಷ್ಟ್ರೀಯ ವೈದ್ಯಕೀಯ ಆಯೋಗ, ಇದೇ ವಿಷಯಕ್ಕೆ ಒಂದು ಕಾರ್ಯಪಡೆ ಮಾಡಿತ್ತು. 2024ರಲ್ಲಿ ಅದರ ವರದಿ ಬಂತು. ಸಮೀಕ್ಷೆಗೆ ಉತ್ತರ ಕೊಟ್ಟ 25,590 ಎಂಬಿಬಿಎಸ್ ವಿದ್ಯಾರ್ಥಿಗಳಲ್ಲಿ ಶೇ. 27.8ರಷ್ಟು ಮಂದಿ ತಮಗೆ ಮಾನಸಿಕ ಆರೋಗ್ಯದ ತೊಂದರೆ ಇದೆ ಎಂದಿದ್ದಾರೆ. ನಾಲ್ಕು ಜನರ ರೂಮಿನಲ್ಲಿ ಒಬ್ಬರು ಅಂತ ಲೆಕ್ಕ ಹಾಕಿ.

"ಧ್ಯಾನ ಮಾಡು, ಪಾಸಿಟಿವ್ ಆಗಿ ಯೋಚಿಸು" ಅಂತ ಹೇಳಿ ಮುಗಿಸುವ ಸಲಹೆ ನನಗೆ ಒಪ್ಪಿಗೆಯಿಲ್ಲ. ನಿದ್ದೆ ಕೆಟ್ಟು, ಊಟ ಬಿಟ್ಟು, ಅನಾಟಮಿಯ ಎರಡು ಭಾಗ ಬಾಕಿ ಉಳಿಸಿಕೊಂಡವರಿಗೆ ಅದರಿಂದ ಏನೂ ಸಿಗುವುದಿಲ್ಲ. ಒತ್ತಡ ಅಂತ ಒಂದೇ ಹೆಸರಿಟ್ಟು ಎಲ್ಲವನ್ನೂ ಒಂದೇ ಗಂಟಾಗಿ ಹೊತ್ತುಕೊಂಡರೆ ಅದು ಎತ್ತಲಾಗದಷ್ಟು ಭಾರ ಅನಿಸುತ್ತದೆ. ಗಂಟು ಬಿಚ್ಚಿ ನೋಡಿದರೆ ಕೆಲವಕ್ಕೆ ಈ ವಾರವೇ ಮಾಡಬಹುದಾದ ಕೆಲಸ ಇರುತ್ತದೆ. ಉಳಿದವಕ್ಕೆ ಇನ್ನೊಬ್ಬರ ಸಹಾಯ ಬೇಕಾಗುತ್ತದೆ. ಯಾವುದು ಯಾವುದು ಅಂತ ಬೇಗ ಗೊತ್ತಾದಷ್ಟೂ ಒಳ್ಳೆಯದು.

ಶುರು ಮಾಡುವ ಮುಂಚೆ ಬೇಕಾಗುವುದು

ಒಂದು ಸಾದಾ ನೋಟ್‌ಬುಕ್. ಒಂದು ಅಲಾರಂ ಗಡಿಯಾರ. ಅದು ಯಾಕೆ ಅಂತ ಎರಡನೇ ಹಂತದಲ್ಲಿ ಹೇಳುತ್ತೇನೆ. ನಿಮ್ಮ ವಿಶ್ವವಿದ್ಯಾಲಯದ ಹಳೆಯ ಪ್ರಶ್ನೆಪತ್ರಿಕೆಗಳು. ಸರ್ಕಾರಿ ಕಾಲೇಜಿನವರಿಗೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದವು, ಸತ್ತೂರಿನವರಿಗೆ ಅವರದೇ ವಿಶ್ವವಿದ್ಯಾಲಯದವು. ನಿಮಗೆ ಮೆಂಟರ್ ಆಗಿ ಯಾವ ಅಧ್ಯಾಪಕರನ್ನು ಹಾಕಿದ್ದಾರೆ ಅನ್ನುವುದೂ ಗೊತ್ತಿರಬೇಕು. ಮೆಂಟರ್ ಅಂದರೆ ಕೆಲವು ವಿದ್ಯಾರ್ಥಿಗಳ ಓದು ಮತ್ತು ಕ್ಷೇಮ ನೋಡಿಕೊಳ್ಳಲು ಕಾಲೇಜು ಗೊತ್ತುಮಾಡಿದ ಅಧ್ಯಾಪಕರು. ಗೊತ್ತಿಲ್ಲದಿದ್ದರೆ ನಾಳೆಯೇ ಕಾಲೇಜು ಆಫೀಸಿನಲ್ಲಿ ಕೇಳಿ.

ಹಂತ 1: ಬಿಡಿಸಿ ಬರೆಯಿರಿ

ನೋಟ್‌ಬುಕ್ ತೆಗೆದು, ಈಗ ಏನೇನು ಕಾಡುತ್ತಿದೆ ಅಂತ ಒಂದೊಂದು ಸಾಲಿನಲ್ಲಿ ಬರೆಯಿರಿ. ಚಂದದ ಭಾಷೆ ಬೇಡ. "ಬಯೋಕೆಮಿಸ್ಟ್ರಿ ಸೈಕಲ್‌ಗಳು ನೆನಪಿರಲ್ಲ." "ಲೆಕ್ಚರ್ ಇಂಗ್ಲಿಷ್ ಅರ್ಥ ಆಗಲ್ಲ." "ಸೀನಿಯರ್ ಒಬ್ಬ ರಾತ್ರಿ ಕರೀತಾನೆ." "ಅಪ್ಪ ಹೊಲ ಒತ್ತೆ ಇಟ್ಟಿದ್ದಾರೆ." "ರೂಮಿನಲ್ಲಿ ಲೈಟ್ ಆರಿಸಲ್ಲ." ಮನಸ್ಸಿಗೆ ಬಂದದ್ದೆಲ್ಲ ಬರಲಿ.

ಆಮೇಲೆ ಪ್ರತಿ ಸಾಲಿನ ಮುಂದೆ ಒಂದು ಗುರುತು ಹಾಕಿ. ನೀವೇ ಬದಲಾಯಿಸಬಹುದಾದದ್ದಕ್ಕೆ ಒಂದು. ಯಾರಿಗಾದರೂ ಹೇಳಿದರೆ ಬದಲಾಗುವಂಥದ್ದಕ್ಕೆ ಇನ್ನೊಂದು. ಸದ್ಯಕ್ಕೆ ಬದಲಾಗದೇ ಇರುವುದಕ್ಕೆ ಮತ್ತೊಂದು. ನಿದ್ದೆ, ಓದುವ ರೀತಿ ಮೊದಲನೆಯದಕ್ಕೆ ಬರುತ್ತವೆ. ರ‍್ಯಾಗಿಂಗ್, ಫೀಸು, ರೂಮಿನ ಜಗಳ ಎರಡನೆಯದಕ್ಕೆ. ಮನೆಯ ಸಾಲ ಮೂರನೆಯದಕ್ಕೆ. ಆ ಸಾಲ ನಿಮ್ಮ ಮನಸ್ಸನ್ನು ಎಷ್ಟೇ ಹಿಂಡಿದರೂ ಈ ತಿಂಗಳು ಅದನ್ನು ತೀರಿಸುವ ಕೆಲಸ ನಿಮ್ಮದಲ್ಲ.

ಎಚ್ಚರಿಕೆ: ರ‍್ಯಾಗಿಂಗನ್ನು "ಒತ್ತಡ" ಅಂತ ಬರೆದುಕೊಂಡು ಸಹಿಸಿಕೊಳ್ಳಬೇಡಿ. ಅದು ಅಪರಾಧ. ವೈದ್ಯಕೀಯ ಕಾಲೇಜುಗಳಿಗೆಂದೇ ಎನ್‌ಎಂಸಿ 2021ರಲ್ಲಿ ರ‍್ಯಾಗಿಂಗ್ ತಡೆ ನಿಯಮ ತಂದಿದೆ. ಕಾಲೇಜಿನಲ್ಲಿ ಹೇಳಲು ಭಯವಾದರೆ 1800-180-5522ಕ್ಕೆ ಫೋನ್ ಮಾಡಿ. ಇದು ರಾಷ್ಟ್ರೀಯ ರ‍್ಯಾಗಿಂಗ್ ವಿರೋಧಿ ಸಹಾಯವಾಣಿ, ಕರೆಗೆ ದುಡ್ಡಿಲ್ಲ.

ಫೀಸಿನ ಚಿಂತೆ ಇದ್ದರೆ ವಿದ್ಯಾರ್ಥಿವೇತನಕ್ಕೆ ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಿದ್ದೀರಾ ಅಂತ ಮೊದಲು ನೋಡಿ. ಕೊನೇ ದಿನಾಂಕ ತಪ್ಪಿಹೋದರೆ ಒಂದು ವರ್ಷದ ಹಣ ಹೋಗುತ್ತದೆ.

ಹಂತ 2: ನಿದ್ದೆಯನ್ನು ಮೊದಲು ಸರಿಮಾಡಿ

ಓದಿಗಿಂತ ಮುಂಚೆ ನಿದ್ದೆಯ ಮಾತು ಯಾಕೆ ಅಂತ ಕೇಳುತ್ತೀರಿ. ಹಗಲು ಓದಿದ್ದು ಗಟ್ಟಿಯಾಗಿ ನೆನಪಿಗೆ ಇಳಿಯುವ ಕೆಲಸ ನಡೆಯುವುದೇ ನಿದ್ದೆಯಲ್ಲಿ. ರಾತ್ರಿ 3ರವರೆಗೆ ಎಚ್ಚರ ಇದ್ದು ಓದಿದರೆ ಪುಟ ತಿರುಗುತ್ತವೆ, ತಲೆಯಲ್ಲಿ ಉಳಿಯುವುದು ಕಡಿಮೆ. ಇನ್ನೂ ಒಂದು ವಿಷಯ: ಸತತ 17 ಗಂಟೆ ಎಚ್ಚರ ಇದ್ದವರ ಕೈ-ಮೆದುಳಿನ ಚುರುಕು, ರಕ್ತದಲ್ಲಿ ಶೇ. 0.05ರಷ್ಟು ಮದ್ಯ ಇದ್ದವರ ಮಟ್ಟಕ್ಕೆ ಇಳಿಯುತ್ತದೆ ಎಂದು ಪ್ರಯೋಗಗಳು ತೋರಿಸಿವೆ. ಬೆಳಿಗ್ಗೆ 6ಕ್ಕೆ ಎದ್ದವರಿಗೆ ಅದು ರಾತ್ರಿ 11. ಆಮೇಲೆ ಓದುವುದೆಲ್ಲ ಆ ಸ್ಥಿತಿಯಲ್ಲೇ ಓದುವುದು.

ಹೀಗೆ ಮಾಡಿ:

ಏಳುವ ಹೊತ್ತನ್ನು ಮೊದಲು ನಿಶ್ಚಯ ಮಾಡಿ. ಮಲಗುವ ಹೊತ್ತು ತಾನಾಗಿ ಅದಕ್ಕೆ ಹೊಂದಿಕೊಳ್ಳುತ್ತದೆ. 6 ಅಂದರೆ ಭಾನುವಾರವೂ 6, ಹೆಚ್ಚೆಂದರೆ 7. ರಾತ್ರಿ ಒಟ್ಟು 7ರಿಂದ 8 ಗಂಟೆ ನಿದ್ದೆ ಸಿಗುವಂತೆ ಲೆಕ್ಕ ಹಾಕಿ. ಎನ್‌ಎಂಸಿ ಕಾರ್ಯಪಡೆಯೂ ಇಷ್ಟೇ ನಿದ್ದೆ ಬೇಕು ಅಂತ ಹೇಳಿದೆ.

ಫೋನನ್ನು ಹಾಸಿಗೆಯಿಂದ ದೂರ ಇಡಿ, ಕೈಗೆ ಎಟುಕಬಾರದು. ಅಲಾರಂ ಗಡಿಯಾರ ಬೇಕು ಅಂದದ್ದು ಇದಕ್ಕೇ. "ಅಲಾರಂಗೆ ಫೋನ್ ಬೇಕು" ಅಂತ ತಲೆದಿಂಬಿನ ಹತ್ತಿರ ಇಟ್ಟುಕೊಂಡರೆ ಒಂದು ಗಂಟೆ ಸುಮ್ನೆ ಅದರಲ್ಲೇ ಹೋಗುತ್ತದೆ.

ಚಹಾ, ಕಾಫಿ ಮಧ್ಯಾಹ್ನ 3ರ ಒಳಗೆ ಮುಗಿಸಿ. ಕೆಫೀನ್ ಅರ್ಧ ಇಳಿಯಲು ಸುಮಾರು 5 ಗಂಟೆ ಬೇಕು. ಸಂಜೆ 6ಕ್ಕೆ ಗೇಟಿನ ಹೊರಗೆ ಕುಡಿದ ಚಹಾದ ಅರ್ಧ ಕೆಫೀನ್ ರಾತ್ರಿ 11ಕ್ಕೂ ಮೈಯಲ್ಲಿರುತ್ತದೆ. ಸಂಜೆ ಗೆಳೆಯರ ಜೊತೆ ಹೋಗುವುದನ್ನು ಬಿಡಬೇಡಿ. ಹೋಗಿ, ಚಹಾ ಬದಲು ಗಿರ್ಮಿಟ್ ತಿನ್ನಿ.

ಮಧ್ಯಾಹ್ನ ತೂಕಡಿಕೆ ಬಂದರೆ 20 ನಿಮಿಷ ಮಲಗಿ, ಅಲಾರಂ ಇಟ್ಟುಕೊಂಡು. ಒಂದೂವರೆ ಗಂಟೆ ಮಲಗಿದರೆ ರಾತ್ರಿ ನಿದ್ದೆ ಹಾಳು.

ರೂಮಿನಲ್ಲಿ ಒಬ್ಬರು ಬೇಗ ಮಲಗುವವರು, ಇನ್ನೊಬ್ಬರು ತಡವಾಗಿ ಓದುವವರು ಇದ್ದರೆ ಮೊದಲ ವಾರದಲ್ಲೇ ಕೂತು ಮಾತಾಡಿ. ರಾತ್ರಿ 11ರ ನಂತರ ದೊಡ್ಡ ಲೈಟ್ ಬೇಡ, ಟೇಬಲ್ ಲ್ಯಾಂಪ್ ಸಾಕು ಅಂತ. ಆರು ತಿಂಗಳು ಒಳಗೊಳಗೇ ಸಿಟ್ಟು ಇಟ್ಟುಕೊಂಡು ಆಮೇಲೆ ಜಗಳ ಆಡುವುದಕ್ಕಿಂತ ಇದು ಸುಲಭ ಅಲ್ವಾ?

ಎಚ್ಚರಿಕೆ: ಇದನ್ನು ಗಟ್ಟಿಯಾಗಿ ಹೇಳುತ್ತೇನೆ. ಸೀನಿಯರ್ ಕೊಟ್ಟ ನಿದ್ದೆ ಗುಳಿಗೆ ನುಂಗಬೇಡಿ. ಆಲ್‌ಪ್ರಜೋಲಾಂನಂಥ ಗುಳಿಗೆಗಳು ಬೇಗ ಅಭ್ಯಾಸವಾಗಿಬಿಡುತ್ತವೆ, ಬಿಡುವಾಗ ಕಾಟ ಕೊಡುತ್ತವೆ. ವೈವಾಗೆ, ಅಂದರೆ ಬಾಯಿ ಪರೀಕ್ಷೆಗೆ, ಕೈ ನಡುಗಬಾರದು ಅಂತ ಪ್ರೊಪ್ರನೊಲಾಲ್ ತೆಗೆದುಕೊಳ್ಳುವ ರೂಢಿಯೂ ಹಾಸ್ಟೆಲುಗಳಲ್ಲಿದೆ. ಅಸ್ತಮಾ ಇದ್ದವರಿಗೆ ಅದು ಉಸಿರುಗಟ್ಟಿಸಬಹುದು. ಎಚ್ಚರ ಇರಲು ಗುಳಿಗೆ ನುಂಗುವುದಂತೂ ಬೇಡವೇ ಬೇಡ. ಮುಂದೆ ಔಷಧಶಾಸ್ತ್ರ ಓದುವಾಗ ಇವುಗಳ ಬಗ್ಗೆ ನೀವೇ ಕಲಿಯುತ್ತೀರಿ. ಅಲ್ಲಿಯವರೆಗೂ, ಆಮೇಲೂ, ನಿಮಗೆ ನೀವೇ ಚೀಟಿ ಬರೆದುಕೊಳ್ಳಬೇಡಿ.

ಹಂತ 3: ಓದುವ ರೀತಿ ಬದಲಿಸಿ

ಪಿಯುಸಿಯಲ್ಲಿ ಪುಸ್ತಕವನ್ನು ಮೂರು ಸಲ ಓದಿದರೆ ಸಾಕಾಗುತ್ತಿತ್ತು. ಇಲ್ಲಿ ಅನಾಟಮಿ, ಫಿಸಿಯಾಲಜಿ, ಬಯೋಕೆಮಿಸ್ಟ್ರಿ ಮೂರೂ ಒಟ್ಟಿಗೆ, ಸುಮಾರು ಒಂದು ವರ್ಷದಲ್ಲಿ ಮುಗಿಯಬೇಕು. ಮೂರು ಸಲ ಓದುವಷ್ಟು ಹೊತ್ತೇ ಇಲ್ಲ. ಇದರಿಂದಲೇ "ನಾನು ದಡ್ಡ" ಅನ್ನುವ ಭಾವನೆ ಶುರುವಾಗುತ್ತದೆ. ಬುದ್ಧಿ ಅದೇ ಇದೆ, ಹಳೆಯ ರೀತಿ ಇಲ್ಲಿ ನಡೆಯುವುದಿಲ್ಲ ಅಷ್ಟೆ.

ಮತ್ತೆ ಮತ್ತೆ ಓದುವುದಕ್ಕಿಂತ, ಪುಸ್ತಕ ಮುಚ್ಚಿ ನೆನಪಿನಿಂದ ಹೊರಗೆ ತೆಗೆಯುವುದು ಹೆಚ್ಚು ಫಲ ಕೊಡುತ್ತದೆ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕ್ ಎಂಬ ಮನೋವಿಜ್ಞಾನಿಗಳು ಇದನ್ನು ವಿದ್ಯಾರ್ಥಿಗಳ ಮೇಲೆ ಪರೀಕ್ಷಿಸಿದರು. ಐದು ನಿಮಿಷದ ನಂತರ ಕೇಳಿದಾಗ ಎರಡು ಸಲ ಓದಿದವರೇ ಮುಂದಿದ್ದರು. ಒಂದು ವಾರ ಬಿಟ್ಟು ಕೇಳಿದಾಗ, ಒಮ್ಮೆ ಓದಿ ಒಮ್ಮೆ ನೆನಪಿನಿಂದ ಬರೆದವರು ಮುಂದಿದ್ದರು. ಹಾಸ್ಟೆಲಿನಲ್ಲಿ ಆಗುವ ಮೋಸವೂ ಇದೇ. ರಾತ್ರಿ ಓದಿದಾಗ ಎಲ್ಲ ಬಂದಂತೆ ಅನಿಸುತ್ತದೆ, ವಾರದ ನಂತರದ ಟೆಸ್ಟಿನಲ್ಲಿ ಖಾಲಿ.

ಇದನ್ನು ದಿನದ ಓದಿಗೆ ಇಳಿಸುವುದು ಹೀಗೆ. ಬ್ರೇಕಿಯಲ್ ಪ್ಲೆಕ್ಸಸ್ ಅನ್ನೇ ತೆಗೆದುಕೊಳ್ಳಿ. ಕುತ್ತಿಗೆಯಿಂದ ಕೈಗೆ ಹೋಗುವ ನರಗಳ ಜಾಲ ಅದು. ಒಮ್ಮೆ ಗಮನವಿಟ್ಟು ಓದಿ. ಪುಸ್ತಕ ಮುಚ್ಚಿ. ಖಾಲಿ ಹಾಳೆಯಲ್ಲಿ ನೆನಪಿದ್ದಷ್ಟು ಚಿತ್ರ ಬರೆಯಿರಿ. ತಪ್ಪಿದ್ದನ್ನು ಕೆಂಪು ಪೆನ್ನಿನಲ್ಲಿ ತಿದ್ದಿ. ಮರುದಿನ ಮತ್ತೆ ಖಾಲಿ ಹಾಳೆ. ಮೂರು ದಿನ ಬಿಟ್ಟು ಇನ್ನೊಮ್ಮೆ, ವಾರ ಬಿಟ್ಟು ಮತ್ತೊಮ್ಮೆ. ಪ್ರತಿ ಸಲಕ್ಕೂ ಹತ್ತು ನಿಮಿಷ ಸಾಕು. ಹೀಗೆ ಬಿಡುವು ಕೊಟ್ಟು ಕೊಟ್ಟು ನೆನಪಿಸಿಕೊಂಡದ್ದು ಪರೀಕ್ಷೆಯವರೆಗೂ ಉಳಿಯುತ್ತದೆ.

ಹಳೆಯ ಪ್ರಶ್ನೆಪತ್ರಿಕೆಗಳನ್ನು ಕೊನೇ ತಿಂಗಳಿಗೆ ಎತ್ತಿಡಬೇಡಿ. ಒಂದು ಪಾಠ ಓದುವ ಮುಂಚೆಯೇ ಅದರ ಮೇಲೆ ಯಾವ ಪ್ರಶ್ನೆ ಬಂದಿವೆ ನೋಡಿ. ಎಲ್ಲವನ್ನೂ ಒಂದೇ ಆಳಕ್ಕೆ ಓದಬೇಕಿಲ್ಲ ಅನ್ನುವುದು ಗೊತ್ತಾದರೇ ಅರ್ಧ ಹೆದರಿಕೆ ಇಳಿಯುತ್ತದೆ. ವೈವಾಗೆ ಇಬ್ಬರು ಕೂತು, ಒಬ್ಬರು ಕೇಳಿ ಒಬ್ಬರು ಉತ್ತರ ಹೇಳಿ. ಬಾಯಿಬಿಟ್ಟು ಹೇಳಿ. ಮನಸ್ಸಿನಲ್ಲೇ ಹೇಳಿಕೊಂಡ ಉತ್ತರ ಪರೀಕ್ಷಕರ ಮುಂದೆ ನಾಲಿಗೆಗೆ ಬರುವುದಿಲ್ಲ.

ಕನ್ನಡ ಮಾಧ್ಯಮದಿಂದ ಬಂದವರಿಗೆ ಒಂದೆರಡು ಮಾತು ಜಾಸ್ತಿ ಹೇಳಬೇಕು. ಮೊದಲ ಎರಡು ಮೂರು ತಿಂಗಳು ಲೆಕ್ಚರ್ ತಲೆ ಮೇಲೆ ಹಾದುಹೋಗುವುದು ಸಹಜ. ಕಲ್ಪನೆಯನ್ನು ಕನ್ನಡದಲ್ಲೇ ಅರ್ಥ ಮಾಡಿಕೊಳ್ಳಿ, ಗೆಳೆಯರಿಗೆ ಕನ್ನಡದಲ್ಲೇ ವಿವರಿಸಿ. ಆಮೇಲೆ ಅದನ್ನೇ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆಯಿರಿ. ಪರಿಭಾಷೆಯ ಬೇರುಗಳನ್ನು ದಿನಕ್ಕೆ ಐದರಂತೆ ಕಲಿಯಿರಿ. 'ಹೆಪಾಟ್' ಬಂದರೆ ಯಕೃತ್ತು, 'ನೆಫ್ರ್' ಬಂದರೆ ಮೂತ್ರಪಿಂಡ, ಕೊನೆಗೆ 'ಐಟಿಸ್' ಇದ್ದರೆ ಉರಿಯೂತ. ನೂರು ಬೇರು ಬಂದರೆ ಸಾವಿರ ಪದ ಊಹಿಸಬಹುದು.

ವಾರ್ಡಿಗೆ ಹೋದ ದಿನ ನಿಮ್ಮ ಬಲ ನಿಮಗೇ ಗೊತ್ತಾಗುತ್ತದೆ. ಈಗಿನ ಪಠ್ಯಕ್ರಮದಲ್ಲಿ ಮೊದಲ ವರ್ಷವೇ ರೋಗಿಗಳನ್ನು ನೋಡುವ ಅವಕಾಶ ಇದೆ. "ದಮ್ಮ ಹತ್ತತೈತ್ರಿ, ಎದಿ ಹಿಡಕೊಂಡಂಗ ಆಗ್ತೈತಿ" ಅಂತ ಕುಂದಗೋಳದ ಅಜ್ಜಿ ಹೇಳಿದ್ದು ನಿಮಗೆ ತಕ್ಷಣ ತಿಳಿಯುತ್ತದೆ. ಹೊರ ರಾಜ್ಯದಿಂದ ಬಂದ ನಿಮ್ಮ ಸಹಪಾಠಿಗೆ ಅದನ್ನು ನೀವೇ ತಿಳಿಸಬೇಕಾಗುತ್ತದೆ. ಅವರಿಗೆ ನೀವು ಕನ್ನಡ ಹೇಳಿಕೊಡಿ, ಅವರಿಂದ ಇಂಗ್ಲಿಷ್ ಕಲಿಯಿರಿ. ಇಂಥ ಜೋಡಿಗಳು ಚೆನ್ನಾಗಿ ನಡೆಯುತ್ತವೆ.

ಎಚ್ಚರಿಕೆ: ಒಂದು ವಿಷಯಕ್ಕೆ ಮೂರು ಪುಸ್ತಕ, ನಾಲ್ಕು ಆ್ಯಪ್, ಐದು ಚಾನೆಲ್ ಇಟ್ಟುಕೊಳ್ಳಬೇಡಿ. ಒಂದೇ ಪುಸ್ತಕ ಹಿಡಿಯಿರಿ. ಹಾಜರಾತಿ ತಪ್ಪಿಸಿ ರೂಮಿನಲ್ಲಿ ಓದುತ್ತೇನೆ ಅನ್ನುವುದೂ ಬೇಡ. ಥಿಯರಿಗೆ ಶೇ. 75, ಪ್ರಾಕ್ಟಿಕಲ್‌ಗೆ ಶೇ. 80 ಹಾಜರಾತಿ ಇರಲೇಬೇಕು. ಕಡಿಮೆ ಬಿದ್ದರೆ ಆ ಚಿಂತೆ ಬೇರೆ ಸೇರಿಕೊಳ್ಳುತ್ತದೆ.

ಹಂತ 4: ಡಿಸೆಕ್ಷನ್ ಹಾಲ್

ಮೃತದೇಹವನ್ನು ಕತ್ತರಿಸಿ ಕಲಿಯುವ ಕೋಣೆ ಇದು. ಮೊದಲ ದಿನಗಳಲ್ಲಿ ತಲೆ ಸುತ್ತುವುದು, ಊಟ ಸೇರದೇ ಇರುವುದು, ರಾತ್ರಿ ಆ ಮುಖವೇ ಕಣ್ಣಮುಂದೆ ಬರುವುದು ಹಲವರಿಗೆ ಆಗುತ್ತದೆ. ಯಾರೂ ಹೇಳಿಕೊಳ್ಳುವುದಿಲ್ಲ ಅಷ್ಟೆ. ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ, ತಿಂಡಿ ತಿಂದೇ ಹೋಗಿ. ಕಾಂಟ್ಯಾಕ್ಟ್ ಲೆನ್ಸ್ ಬದಲು ಕನ್ನಡಕ ಹಾಕಿ, ದೇಹ ಕೆಡದಂತೆ ಹಾಕುವ ಫಾರ್ಮಲಿನ್ ಕಣ್ಣಿಗೆ ಉರಿ. ಕಣ್ಣು ಕತ್ತಲೆ ಬಂದಂತೆ ಆದರೆ ನಿಂತೇ ಇರಬೇಡಿ, ಅಲ್ಲೇ ನೆಲಕ್ಕೆ ಕೂತು ತಲೆ ತಗ್ಗಿಸಿ. ಹತ್ತಿರ ಇದ್ದವರು ಅವರನ್ನು ಮಲಗಿಸಿ ಕಾಲು ಸ್ವಲ್ಪ ಎತ್ತಿ ಹಿಡಿಯಿರಿ. ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ಇದು ಕಡಿಮೆಯಾಗುತ್ತದೆ. ಮನೆಯಲ್ಲಿ ಇತ್ತೀಚೆಗೆ ಸಾವು ಆಗಿದ್ದರೆ ಮಾತ್ರ ಅಧ್ಯಾಪಕರಿಗೆ ಮೊದಲೇ ಹೇಳಿ. ಅಂಥವರಿಗೆ ಹೊತ್ತು ಬೇಕು.

ಹಂತ 5: ಊಟ, ನಡಿಗೆ, ಉಸಿರು

ತಿಂಡಿ ಬಿಡಬೇಡಿ. ಮೆಸ್ಸಿನ ಊಟ ಸೇರದಿದ್ದರೆ ಮನೆಯಿಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿ ತಂದಿಟ್ಟುಕೊಳ್ಳಿ, ಕೆಡುವುದಿಲ್ಲ. ವಾರಕ್ಕೊಮ್ಮೆ ಖಾನಾವಳಿಗೆ ಹೋಗಿ ಪಲ್ಯ, ಮೊಸರು ಸೇರಿಸಿ ಹೊಟ್ಟೆ ತುಂಬಾ ಊಟ ಮಾಡಿ.

ದಿನಕ್ಕೆ ಅರ್ಧ ಗಂಟೆ ಬಿರುಸಾಗಿ ನಡೆಯಿರಿ. ಕಿಮ್ಸ್‌ನವರಿಗೆ ಉಣಕಲ್ ಕೆರೆ ದೂರವಿಲ್ಲ. ಧಾರವಾಡದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಆವರಣ, ಕೆಲಗೇರಿ ಕೆರೆ ಇವೆ. ಗದಗದವರಿಗೆ ಭೀಷ್ಮ ಕೆರೆ, ಹಾವೇರಿಯವರಿಗೆ ಹೆಗ್ಗೇರಿ. ಮನೆಯಿಂದ ಚಿಗರಿ ಬಸ್ಸಿನಲ್ಲಿ ಓಡಾಡುವವರು ಆ ಹೊತ್ತಿನಲ್ಲಿ ನೋಟ್ಸ್ ತೆಗೆಯದೇ ಸುಮ್ಮನೆ ಕಿಟಕಿಯಿಂದ ಹೊರಗೆ ನೋಡುತ್ತಾ ಬನ್ನಿ. ತಲೆಗೂ ಬಿಡುವು ಬೇಕು.

ವೈವಾ ಮುಂಚೆ ಎದೆ ಡವಡವ ಅನ್ನುವಾಗ: ನಾಲ್ಕು ಎಣಿಸುತ್ತಾ ಉಸಿರು ಒಳಗೆ, ಆರು ಎಣಿಸುತ್ತಾ ಹೊರಗೆ. ಐದು ನಿಮಿಷ. ಉಸಿರು ಹೊರಬಿಡುವುದು ಉದ್ದವಾದಾಗ ಹೃದಯದ ಬಡಿತ ನಿಧಾನವಾಗುತ್ತದೆ. ಇದನ್ನು ಪರೀಕ್ಷೆ ದಿನವೇ ಮೊದಲ ಸಲ ಮಾಡಬೇಡಿ, ಎರಡು ವಾರ ಮುಂಚೆಯಿಂದ ದಿನಾ ಮಾಡಿ.

ಸುಸ್ತೆಲ್ಲ ಮನಸ್ಸಿನದೇ ಆಗಿರಬೇಕಿಲ್ಲ. ರಕ್ತ ಕಡಿಮೆ ಇದ್ದರೂ, ಥೈರಾಯ್ಡ್ ತೊಂದರೆ ಇದ್ದರೂ, ಬಿ12 ಕೊರತೆ ಇದ್ದರೂ ಹೀಗೇ ಆಗುತ್ತದೆ. ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ಜಾಸ್ತಿ. ನೀವು ಇರುವುದೇ ಆಸ್ಪತ್ರೆಯಲ್ಲಿ, ಒಮ್ಮೆ ರಕ್ತ ಪರೀಕ್ಷೆ ಮಾಡಿಸಿಬಿಡಿ.

ಹಂತ 6: ಇಂಟರ್ನಲ್ಸ್ ಕೆಟ್ಟಾಗ

ಮೊದಲ ಎರಡು ದಿನ ಏನನ್ನೂ ನಿರ್ಧಾರ ಮಾಡಬೇಡಿ. ಸೀಟು ಬಿಡುವುದು, ಮನೆಗೆ ಹೋಗಿಬಿಡುವುದು, ಯಾವುದೂ ಬೇಡ. ಮೂರನೇ ದಿನ ಉತ್ತರಪತ್ರಿಕೆ ಕೇಳಿ ನೋಡಿ. ಬರಲಿಲ್ಲವೋ, ಬಂದರೂ ಬರೆಯಲು ಹೊತ್ತು ಸಾಲಲಿಲ್ಲವೋ, ಚಿತ್ರ ಹಾಕಲಿಲ್ಲವೋ ಅಂತ ಬೇರೆ ಮಾಡಿ. ಆ ಹಾಳೆ ಹಿಡಿದುಕೊಂಡು ಮೆಂಟರ್ ಹತ್ತಿರ ಹೋಗಿ. "ಸರ್, ನನಗೆ ಕಷ್ಟ ಆಗ್ತಿದೆ" ಅಂತ ಮಾತ್ರ ಹೇಳಿದರೆ ಅವರಿಗೂ ಏನು ಮಾಡಬೇಕು ತಿಳಿಯುವುದಿಲ್ಲ. "ಸರ್, ಉದ್ದ ಉತ್ತರಗಳಲ್ಲಿ ಹೊತ್ತು ಸಾಲುತ್ತಿಲ್ಲ, ಒಂದು ಉತ್ತರ ಬರೆದು ತರ್ತೀನಿ, ನೋಡಿ ಕೊಡ್ತೀರಾ?" ಅಂತ ಕೇಳಿ. ಬಹುತೇಕ ಅಧ್ಯಾಪಕರು ಇಲ್ಲ ಅನ್ನುವುದಿಲ್ಲ.

ಒಂದು ಪರೀಕ್ಷೆ ಹೋದರೆ ಎಲ್ಲ ಮುಗಿಯಿತು ಅಂತ ಹೆದರುವವರಿಗೆ ನಿಯಮ ತಿಳಿದಿರಲಿ. 2023ರ ಎನ್‌ಎಂಸಿ ನಿಯಮದ ಪ್ರಕಾರ ಮೊದಲ ವರ್ಷದ ವಿಶ್ವವಿದ್ಯಾಲಯ ಪರೀಕ್ಷೆ ಪಾಸು ಮಾಡಲು ನಾಲ್ಕು ಅವಕಾಶ ಇವೆ. ಇಡೀ ಎಂಬಿಬಿಎಸ್ ಮುಗಿಸಲು ಸೇರಿದ ದಿನದಿಂದ ಒಂಬತ್ತು ವರ್ಷ ಇದೆ. ಸಪ್ಲಿಮೆಂಟರಿ ಪರೀಕ್ಷೆಯೂ ಇದೆ. ಇದು ಆರಾಮಾಗಿ ಇರಲು ಹೇಳಿದ್ದಲ್ಲ. ರಾತ್ರಿ 2 ಗಂಟೆಗೆ "ಇನ್ನು ದಾರಿಯೇ ಇಲ್ಲ" ಅನಿಸಿದಾಗ ಅದು ಸುಳ್ಳು ಅಂತ ಗೊತ್ತಿರಬೇಕು, ಅದಕ್ಕೆ.

ಹಂತ 7: ಯಾವಾಗ ವೈದ್ಯರ ಹತ್ತಿರ ಹೋಗಬೇಕು

ಪರೀಕ್ಷೆ ಮುಗಿದ ಮೇಲೆ ಇಳಿಯುವುದು ಒತ್ತಡ. ಪರೀಕ್ಷೆ ಮುಗಿದರೂ ಇಳಿಯದೇ, ಎರಡು ವಾರಕ್ಕೂ ಜಾಸ್ತಿ ದಿನದ ಹೆಚ್ಚಿನ ಹೊತ್ತು ಮನಸ್ಸು ಕುಗ್ಗಿಯೇ ಇದ್ದರೆ, ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ, ನಿದ್ದೆ-ಊಟ ಏರುಪೇರಾಗಿದ್ದರೆ, ನಾನು ಯಾವುದಕ್ಕೂ ಬಾರದವನು ಅನಿಸುತ್ತಿದ್ದರೆ ಅದು ಖಿನ್ನತೆ ಇರಬಹುದು. ಅದು ಕಾಯಿಲೆ, ಅದಕ್ಕೆ ಚಿಕಿತ್ಸೆ ಇದೆ. ಇದ್ದಕ್ಕಿದ್ದಂತೆ ಎದೆ ಬಡಿತ ಏರಿ, ಬೆವರಿ, ಸತ್ತೇಹೋಗುತ್ತೇನೆ ಅನ್ನುವ ಭಯ ಪದೇ ಪದೇ ಬಂದರೆ ಅದಕ್ಕೂ ಚಿಕಿತ್ಸೆ ಇದೆ. ಸಾಯುವ ಯೋಚನೆ ಒಂದು ಸಲ ಬಂದರೂ ಎರಡು ವಾರ ಕಾಯಬೇಡಿ. ಅವತ್ತೇ ಹೇಳಿ.

ಎಲ್ಲಿ ಹೋಗಬೇಕು? ನಿಮ್ಮ ಕಾಲೇಜಿನ ಆಸ್ಪತ್ರೆಯಲ್ಲೇ ಮನೋವೈದ್ಯಕೀಯ ವಿಭಾಗ ಇದೆ. ನಮ್ಮ ಪ್ರೊಫೆಸರೇ ನೋಡುತ್ತಾರೆ ಅಂತ ಸಂಕೋಚ ಆದರೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಹೋಗಿ. ಇಲ್ಲವೇ ಊರಿಗೆ ಹೋದಾಗ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ವೈದ್ಯರನ್ನು ನೋಡಿ. ಮೊದಲು ಮಾತಾಡಬೇಕು ಅಷ್ಟೆ ಅನ್ನುವವರು 14416ಕ್ಕೆ ಫೋನ್ ಮಾಡಿ. ಇದು 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರದ ಟೆಲಿ ಮಾನಸ್ ಸೇವೆ. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿ ಮಾತಾಡಬಹುದು, ದುಡ್ಡಿಲ್ಲ.

ಡಿಮ್ಹಾನ್ಸ್ ಅಂದಕೂಡಲೇ ನಮ್ಮ ಕಡೆ ಒಂದು ಮಾತು ನೆನಪಾಗುತ್ತದೆ. ಯಾರಾದರೂ ವಿಚಿತ್ರವಾಗಿ ಆಡಿದರೆ "ಇವನ್ನ ಧಾರವಾಡಕ್ಕ ಕಳಸ್ಬೇಕು" ಅಂತ ನಗುತ್ತಾರೆ. ಬ್ರಿಟಿಷರ ಕಾಲದಿಂದ ಅಲ್ಲಿ ಮಾನಸಿಕ ಆಸ್ಪತ್ರೆ ಇದ್ದದ್ದಕ್ಕೆ ಈ ಮಾತು. ಈ ಒಂದು ಮಾತಿಗೆ ಹೆದರಿ ಎಷ್ಟೋ ಮಕ್ಕಳು ಆ ಗೇಟಿನ ಒಳಗೆ ಹೋಗುವುದೇ ಇಲ್ಲ. ದಯವಿಟ್ಟು ಆ ಮಾತು ಆಡಬೇಡಿ. ವೈದ್ಯರಾಗುವವರ ಬಾಯಲ್ಲಂತೂ ಅದು ಬರಲೇಬಾರದು. ಇವತ್ತು ಅದು ಮನಸ್ಸು ಮತ್ತು ನರಗಳ ಚಿಕಿತ್ಸೆಯ ಜೊತೆಗೆ ತಜ್ಞರನ್ನು ತಯಾರು ಮಾಡುವ ಸಂಸ್ಥೆ.

ಮೊದಲ ಭೇಟಿಯಲ್ಲಿ ಏನಾಗುತ್ತದೆ ಅನ್ನುವ ಭಯವೂ ಇರುತ್ತದೆ. ಓಪಿಡಿಯಲ್ಲಿ ಚೀಟಿ ಮಾಡಿಸಿ, ಸರದಿ ಬಂದಾಗ ಒಳಗೆ ಹೋಗುತ್ತೀರಿ. ನಿದ್ದೆ, ಊಟ, ಯೋಚನೆ, ಮನೆಯ ವಿಷಯ ಕೇಳುತ್ತಾರೆ. ಮನೋವೈದ್ಯರು ಔಷಧ ಬರೆಯಬಲ್ಲ ವೈದ್ಯರು. ಕ್ಲಿನಿಕಲ್ ಸೈಕಾಲಜಿಸ್ಟ್ ಔಷಧ ಬರೆಯುವುದಿಲ್ಲ, ಮಾತಿನ ಮೂಲಕ ಚಿಕಿತ್ಸೆ ಕೊಡುತ್ತಾರೆ. ಎಲ್ಲರಿಗೂ ಗುಳಿಗೆ ಬೇಕಾಗುವುದಿಲ್ಲ. ಖಿನ್ನತೆಗೆ ಗುಳಿಗೆ ಬರೆದರೆ ಅದು ಪರಿಣಾಮ ತೋರಲು ಕೆಲವು ವಾರ ಹಿಡಿಯುತ್ತದೆ. ನಾಲ್ಕು ದಿನಕ್ಕೆ ಗುಣ ಕಾಣಲಿಲ್ಲ ಅಂತ ಬಿಡಬೇಡಿ, ಗುಣ ಕಂಡಿತು ಅಂತಲೂ ಕೇಳದೇ ನಿಲ್ಲಿಸಬೇಡಿ.

"ಕಾಲೇಜಿಗೆ ಗೊತ್ತಾಗುತ್ತಾ? ಸೀಟು ಹೋಗುತ್ತಾ?" ಅಂತ ಬಹಳ ಜನ ಕೇಳುತ್ತಾರೆ. ಚಿಕಿತ್ಸೆ ಪಡೆದ ಕಾರಣಕ್ಕೆ ಸೀಟು ಹೋಗುವುದಿಲ್ಲ. ಮಾನಸಿಕ ಆರೋಗ್ಯ ರಕ್ಷಣೆ ಕಾಯ್ದೆ 2017ರ 23ನೇ ಸೆಕ್ಷನ್ ಪ್ರಕಾರ ನಿಮ್ಮ ಚಿಕಿತ್ಸೆಯ ವಿವರ ಗುಟ್ಟಾಗಿರಬೇಕು. ಪ್ರಾಣಕ್ಕೆ ಅಪಾಯದಂಥ ಕೆಲವು ಸಂದರ್ಭ ಬಿಟ್ಟರೆ ವೈದ್ಯರು ಅದನ್ನು ಬೇರೆಯವರಿಗೆ ಹೇಳುವಂತಿಲ್ಲ.

ಹಂತ 8: ರೂಮ್‌ಮೇಟ್ ಸರಿ ಇಲ್ಲ ಅನಿಸಿದರೆ

ಕ್ಲಾಸು ತಪ್ಪಿಸುವುದು, ಸ್ನಾನ ಬಿಡುವುದು, ಪ್ರೀತಿಯ ವಸ್ತುಗಳನ್ನು ಇನ್ನೊಬ್ಬರಿಗೆ ಕೊಟ್ಟುಬಿಡುವುದು, "ನಾನಿಲ್ಲದಿದ್ದರೆ ಎಲ್ಲರಿಗೂ ಆರಾಮ" ಅನ್ನುವ ಮಾತು. ಇವನ್ನು ಕಂಡರೆ ಒಬ್ಬರೇ ಇರುವಾಗ ಹತ್ತಿರ ಕೂತು ನೇರವಾಗಿ ಕೇಳಿ: "ಸಾಯಬೇಕು ಅನ್ನುವ ಯೋಚನೆ ಬರ್ತಿದೆಯಾ?" ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಅನ್ನುವುದು ತಪ್ಪು ತಿಳಿವಳಿಕೆ. ಕೇಳಿದಾಗ ಬಹಳ ಜನಕ್ಕೆ ಹಗುರ ಅನಿಸುತ್ತದೆ.

ಹೌದು ಅಂದರೆ ಒಬ್ಬರನ್ನೇ ಬಿಡಬೇಡಿ. ರೂಮಿನಲ್ಲಿರುವ ಗುಳಿಗೆ, ಬ್ಲೇಡು ತೆಗೆದಿಡಿ. ವಾರ್ಡನ್‌ಗೆ, ಮನೆಯವರಿಗೆ ಹೇಳಿ, ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ತುರ್ತಿಗೆ 108 ಅಥವಾ 112. "ಯಾರಿಗೂ ಹೇಳಬೇಡ" ಅಂತ ಆಣೆ ಹಾಕಿಸಿದ್ದರೂ ಹೇಳಿ. ಆಮೇಲೆ ಸಿಟ್ಟಾದರೆ ಆಗಲಿ, ಜೀವ ಮುಖ್ಯ.

ಎಚ್ಚರಿಕೆ: "ನಿನಗಿಂತ ಕಷ್ಟದಲ್ಲಿರೋರು ಎಷ್ಟು ಜನ ಇದ್ದಾರೆ" ಅಂತ ಬುದ್ಧಿ ಹೇಳಬೇಡಿ. ನೀವೇ ರಾತ್ರಿಯೆಲ್ಲ ಕೂತು ಸರಿಮಾಡುತ್ತೇನೆ ಅಂತಲೂ ಹೊರಡಬೇಡಿ. ನಿಮ್ಮ ಕೆಲಸ ಸರಿಯಾದವರ ಹತ್ತಿರ ತಲುಪಿಸುವುದು.

ಹಂತ 9: ಮನೆಯವರು ಮಾಡಬೇಕಾದದ್ದು

ಫೋನಿಗೆ ಒಂದು ಹೊತ್ತು ಗೊತ್ತು ಮಾಡಿಕೊಳ್ಳಿ. ಮೊದಲ ಮಾತು "ಟೆಸ್ಟ್ ಏನಾತು?" ಆಗುವುದು ಬೇಡ. "ಊಟ ಆತೇನವಾ? ಏನ್ ಮಾಡಿದ್ರು ಮೆಸ್ಸಿನ್ಯಾಗ?" ಅಂತ ಶುರು ಮಾಡಿ. ಸಾಲದ ವಿಷಯ, ಹೊಲದ ವಿಷಯ ಫೋನಿನಲ್ಲಿ ಎತ್ತಬೇಡಿ. ಮುಚ್ಚಿಡಿ ಅಂತ ಹೇಳುತ್ತಿಲ್ಲ. ಮಗ ಊರಿಗೆ ಬಂದಾಗ ಎದುರಿಗೆ ಕೂತು, ಇಷ್ಟಿದೆ, ಹೀಗೆ ತೀರಿಸ್ತೀವಿ, ನೀನು ಓದು ಅಂತ ಹೇಳಿ. ಸಂಬಂಧಿಕರ ಮನೆ ಮಕ್ಕಳ ಮಾರ್ಕ್ಸ್ ಹೋಲಿಕೆ ಬೇಡ. ಜಾತ್ರೆಗೆ, ಮದುವೆಗೆ ಬರಲೇಬೇಕು ಅಂತ ಹಟ ಬೇಡ. ಹಾಗೆಯೇ ಓದು ಹಾಳಾಗುತ್ತದೆ ಅಂತ ಬರದಂತೆ ತಡೆಯುವುದೂ ಬೇಡ.

ಮಗಳು ಅಳುತ್ತಾಳೆ ಅಂತ ಅದೇ ವಾರ ಸೀಟು ಬಿಡಿಸುವ ನಿರ್ಧಾರ ಮಾಡಬೇಡಿ. ಮೊದಲು ನೀವೇ ಒಂದು ದಿನ ಹೋಗಿ ಬನ್ನಿ. ರೂಮು ನೋಡಿ, ಮೆಸ್ಸಿನಲ್ಲಿ ಜೊತೆಗೆ ಊಟ ಮಾಡಿ, ಅವಳಿಗೆ ಕೇಳಿಕೊಂಡು ಮೆಂಟರ್‌ರನ್ನು ಭೇಟಿ ಮಾಡಿ. ಎರಡು ಮೂರು ದಿನಕ್ಕೆ ಊರಿಗೆ ಕರೆದುಕೊಂಡು ಬಂದರೆ ನಿದ್ದೆ ಮಾಡಲು ಬಿಡಿ. ಪರೀಕ್ಷೆಯ ಮಾತು ಮರುದಿನ ಸಂಜೆ ಆಡಿದರೆ ಸಾಕು. ಏಳನೇ ಹಂತದಲ್ಲಿ ಹೇಳಿದ ಲಕ್ಷಣಗಳು ಕಂಡರೆ "ದೃಷ್ಟಿ ಆಗಿದೆ" ಅಂತ ನಿವಾಳಿಸಿ ಅಷ್ಟಕ್ಕೇ ಬಿಡಬೇಡಿ, ಆಸ್ಪತ್ರೆಗೆ ನೀವೇ ಜೊತೆಗೆ ಹೋಗಿ. ಚಿಕಿತ್ಸೆಗೆ ಕೆಲವು ವಾರ ರಜೆ ಬೇಕು ಅಂತ ವೈದ್ಯರು ಹೇಳಿದರೆ ಅವರಿಂದ ಪತ್ರ ಬರೆಸಿಕೊಂಡು ಪ್ರಾಂಶುಪಾಲರಿಗೆ ಕೊಡಿ. ಹಾಜರಾತಿ ಎಷ್ಟು ಉಳಿದಿದೆ ಅಂತ ಆಗಲೇ ಬರವಣಿಗೆಯಲ್ಲಿ ಕೇಳಿ ತೆಗೆದುಕೊಳ್ಳಿ.